ಫಸ್ಟ್ ಪಿಯುಸಿ ಐಚ್ಛಿಕ ಕನ್ನಡ: ಬರಿಯೂದು ಹೆಂಗ ಕಲೀಬೇಕು, ತಿಳದವರು ಹೇಳ್ರಿ

ಪ್ರಶ್ನೆ ಕೇಳಿದವರು: ಯಲಬುರ್ಗಾ ಹುಡುಗಿ

ಎಲ್ಲಾರಿಗೂ ನಮಸ್ಕಾರ ರೀ. ನಾನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಾಕಿ. ಎಸ್ಸೆಸ್ಸೆಲ್ಸಿ ಕನ್ನಡದಾಗ 125ಕ್ಕ 117 ಬಂದಿದ್ವು. ಕನ್ನಡ ಅಂದ್ರ ನನಗ ಭಾಳ ಪ್ರೀತಿ. ಅದಕ್ಕ ಈ ವರ್ಷ ಆರ್ಟ್ಸ್ ಸೇರಿ ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದ ಜೋಡಿ ಐಚ್ಛಿಕ ಕನ್ನಡ ತಗೊಂಡೆ.

ಈಗ ಅಂಜಿಕಿ ಆಗಾಕ ಹತ್ತೈತಿ. ಭಾಷಾ ಕನ್ನಡ ಬ್ಯಾರೆ, ಇದು ಬ್ಯಾರೆ ಅಂತ ಮೊದಲ ವಾರದಾಗ ಗೊತ್ತಾತು. ಹಳಗನ್ನಡ ಪದ್ಯ ಓದಿದ್ರ ಎಲ್ಲಿ ಒಂದು ಶಬ್ದ ಮುಗೀತು, ಎಲ್ಲಿ ಇನ್ನೊಂದು ಚಾಲೂ ಆತು ಅನ್ನೂದ ತಿಳಿಯಂಗಿಲ್ಲ. ಮೊದಲ ಟೆಸ್ಟಿನಾಗ 25ಕ್ಕ 9 ಬಂದಾವು. ಗೈಡಿನಾಗ ಇದ್ದದ್ದನ್ನ ಒಂದಕ್ಷರ ಬಿಡದಂಗ ಬಾಯಿಪಾಠ ಮಾಡಿ ಬರದಿದ್ದೆ. ಮೇಡಂ ಪಕ್ಕದಾಗ ಕೆಂಪು ಪೆನ್ನಿಲೆ "ಇದರೊಳಗೆ ನೀನೆಲ್ಲಿ?" ಅಂತ ಬರದಾರ. ಅದಕ್ಕ ಏನು ಉತ್ತರ ಕೊಡಬೇಕು ಅನ್ನೂದ ನನಗ ತಿಳಿದಿಲ್ಲ.

ಮ್ಯಾಲ ಪ್ರತಿ ಶನಿವಾರ ಒಂದೂವರಿ ಪುಟ ಪ್ರಬಂಧ ಬರಕೊಂಡು ಹೋಗಬೇಕು. ಈ ವಾರದ ವಿಷಯ "ನಮ್ಮೂರ ಮಳೆ". ನಾಕು ಸಾಲು ಬರದು ಕುಂತೀನಿ, ಮುಂದ ಪೆನ್ನು ಹೋಗವಲ್ದು. ಮನ್ಯಾಗ ಮಾವಾರು "ಆರ್ಟ್ಸ್ ತಗೊಂಡದ್ದ ತಪ್ಪು, ಅದರಾಗ ಐಚ್ಛಿಕ ಕನ್ನಡ ತಗೊಂಡು ಏನ್ ಮಾಡ್ತಿ" ಅಂತಾರ. ಅಪ್ಪ ಏನೂ ಅನ್ನಂಗಿಲ್ಲ, ಸುಮ್ಮನ ನನ್ನ ಮುಖ ನೋಡ್ತಾರ. ಐಚ್ಛಿಕ ಕನ್ನಡ ಬಿಟ್ಟು ಶಿಕ್ಷಣಶಾಸ್ತ್ರ ತಗೊಳ್ಳಾಕ ಇನ್ನೂ ಹತ್ತು ದಿನ ಟೈಮ್ ಐತಿ, ಫಾರ್ಮ್ ತಂದು ಇಟ್ಕೊಂಡೀನಿ. ಬದಲಿ ಮಾಡ್ಲೋ ಬ್ಯಾಡೋ? ಮಾಡಬಾರದು ಅಂದ್ರ ಎಲ್ಲಿಂದ ಚಾಲೂ ಮಾಡ್ಲಿ?


ಉತ್ತರ 1: ಸಿರುಗುಪ್ಪದ ಸೆಕೆಂಡ್ ಪಿಯು

ತಂಗಿ, ನಾನು ಹೋದ ವರ್ಷ ಇದೇ ಜಾಗದಾಗೆ ಇದ್ದೆ. ನನಗೆ ಮೊದಲ ಟೆಸ್ಟಿನಾಗೆ 25ಕ್ಕೆ 7 ಬಂದಿತ್ತು. ಈಗ ನಮ್ಮ ಕ್ಲಾಸಿನಾಗೆ ಹಳಗನ್ನಡ ಯಾರಾದ್ರು ಓದ್ರಪ್ಪಾ ಅಂದ್ರೆ ಸರ್ ನನ್ನ ಕಡೆ ನೋಡ್ತಾರೆ. ಅಷ್ಟರಾಗೆ ನಾನು ಮಾಡಿದ್ದು ಒಂದೇ, ಜೋರಾಗಿ ಓದಿದ್ದು. ಮನೇಲಿ ಎಲ್ರೂ ಟಿವಿ ನೋಡ್ತಾರೆ ಅಂತ ಮಾಳಿಗೆ ಮೇಲೆ ಹೋಗಿ ಓದ್ತಿದ್ದೆ. ಒಂದೇ ಪದ್ಯ ಐದು ಸಲ ಓದು. ಮೂರನೇ ಸಲಕ್ಕೆ ಶಬ್ದಗಳು ತಾವೇ ಬಿಡಿಸ್ಕೋತಾವೆ. ಕಣ್ಣಾಗೆ ಓದಿದ್ರೆ ಮಾತ್ರ ಯಾವ ಕಾಲಕ್ಕೂ ಬಿಡಿಸ್ಕೊಳಲ್ಲ.

ಇನ್ನೊಂದು, ಡಿಕ್ಷನರಿ ಬೇಕೇ ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ನಮ್ಮ ಕಾಲೇಜು ಲೈಬ್ರರಿಯಾಗೆ ಇತ್ತು, ನಿಮ್ಮಲ್ಲೂ ಇರುತ್ತೆ, ಕೇಳು. ಕಿಟ್ಟೆಲ್ ನಿಘಂಟು 1894ರದ್ದು, ದೊಡ್ಡದು, ಅರ್ಥ ಇಂಗ್ಲಿಷಿನಾಗೆ ಐತೆ. ಆದ್ರೆ ಹಳೇ ಶಬ್ದ ಎಲ್ಲೂ ಸಿಗದಿದ್ದಾಗ ಅದರಾಗೆ ಸಿಗುತ್ತೆ.

ಪ್ರಬಂಧದ ವಿಷಯ ನನಗೂ ಇನ್ನೂ ಕಷ್ಟಾನೇ ಐತೆ. ಅದನ್ನ ದೊಡ್ಡೋರು ಹೇಳ್ಲಿ. ಬದಲಿ ಮಾತ್ರ ಮಾಡಬೇಡ.


ಉತ್ತರ 2: ಎಡೆದೊರೆ ಮೇಡಂ

ನೋಡವ್ವ, ವಿಷಯ ಬದಲಿ ಮಾಡಬ್ಯಾಡ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಮುಂದ ನಾನು ಬರಿಯೂದು ಉದ್ದ ಅದ, ಅಷ್ಟರಾಗ ನೀ ಹೋಗಿ ಫಾರ್ಮ್ ಕೊಟ್ಟು ಬಂದೀ.

ನಾನು ಮಾನ್ವಿ ತಾಲೂಕಿನಾಕಿ. ಕೃಷ್ಣಾ, ತುಂಗಭದ್ರಾ ಎರಡರ ನಡುವಿನ ಈ ನಾಡಿಗೆ ಹಿಂದ ಎಡೆದೊರೆ ನಾಡು ಅಂತಿದ್ರು, ಅದಕ್ಕ ಈ ಹೆಸರು ಇಟ್ಕೊಂಡೀನಿ. 19 ವರ್ಷ ಆತು ಪಿಯು ಮಕ್ಕಳಿಗೆ ಕನ್ನಡ ಹೇಳಲಿಕ್ಕೆ ಹತ್ತಿ. ಪ್ರತಿ ಜುಲೈದಾಗ ನಿನ್ನಂಥ ಐದಾರು ಮಕ್ಕಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಿರ್ತಾರ. ಎಲ್ಲರಿಗೂ ಎಸ್ಸೆಸ್ಸೆಲ್ಸಿಯೊಳಗ ನೂರಾ ಹತ್ತರ ಮ್ಯಾಲೆ ಬಂದಿರ್ತದ. ಅಲ್ಲಿ ಪಾಠದಾಗ ಏನದ ಅಂತ ಕೇಳ್ತಾರ. ಇಲ್ಲಿ ಕೇಳೂದು, ಆ ಪಾಠ ಓದಿದ ಮ್ಯಾಲೆ ನಿನಗೇನು ಕಂಡಿತು, ಅದು ಯಾವ ಶಬ್ದದಾಗ ಕಂಡಿತು ಅಂತ. ನಿಮ್ಮ ಮೇಡಂ ಬರದ "ಇದರೊಳಗೆ ನೀನೆಲ್ಲಿ?" ಅನ್ನೂ ಪ್ರಶ್ನೆ ಇದೇ. ಒಳ್ಳೆ ಮೇಡಂ ಸಿಕ್ಕಾರ ನಿನಗ. ಸುಮ್ಮನ 9 ಹಾಕಿ ಪೇಪರ್ ಎಸೀಬಹುದಿತ್ತು, ಪ್ರಶ್ನೆ ಬರದಾರ.

ಒಂದು ಉದಾಹರಣಿ ಕೊಡ್ತೀನಿ. ಸಿಂಧನೂರಿನಾಗ ನಾ ಇದ್ದಾಗಿನ ಮಾತು. ಆಯ್ದಕ್ಕಿ ಲಕ್ಕಮ್ಮನ ವಚನ ಹೇಳಿ, ಸ್ವಾರಸ್ಯ ಬರೀರಿ ಅಂದಿದ್ದೆ. ಲಕ್ಕಮ್ಮ, ಮಾರಯ್ಯ ನಮ್ಮವರ, ಲಿಂಗಸುಗೂರು ಕಡೆ ಅಮರೇಶ್ವರದವರು. ಕಲ್ಯಾಣಕ್ಕ ಹೋಗಿ ಮಹಾಮನಿ ಅಂಗಳದಾಗ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡಸ್ತಿದ್ರು. ಒಂದು ದಿನ ಗಂಡ ದಿನಕ್ಕಿಂತ ಹೆಚ್ಚು ಅಕ್ಕಿ ತಂದ, ಲಕ್ಕಮ್ಮ "ಹೆಚ್ಚಿಂದು ತಿರುಗಿ ಅಲ್ಲೇ ಸುರುವಿ ಬಾ" ಅಂತ ಕಳಿಸಿದ್ಲು. ಈ ಕಥಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಬ್ಬ ಹುಡುಗಿ ಬರದದ್ದು ಹಿಂಗಿತ್ತು:

"ಆಯ್ದಕ್ಕಿ ಲಕ್ಕಮ್ಮ ಶ್ರೇಷ್ಠ ಶಿವಶರಣೆ. ಅವಳು ಈ ವಚನದಲ್ಲಿ ಮಾನವನ ಅತಿಯಾಸೆಯನ್ನು ಖಂಡಿಸಿದ್ದಾಳೆ. ಕಾಯಕದ ಮಹತ್ವವನ್ನು ಮನೋಜ್ಞವಾಗಿ ಎತ್ತಿ ಹಿಡಿದಿದ್ದಾಳೆ. ಇದು ಇಂದಿಗೂ ಪ್ರಸ್ತುತವಾಗಿದೆ."

ತಪ್ಪೇನೂ ಇಲ್ಲ. ಆದ್ರ ಈ ನಾಕು ಸಾಲನ್ನ ಯಾವ ಶರಣರ ಯಾವ ವಚನದ ಕೆಳಗ ಇಟ್ರೂ ನಡೀತದ. ಹೆಸರೊಂದು ಬದಲಿ ಮಾಡಿದ್ರ ಮುಗೀತು. ನಾ ಆಕಿನ್ನ ಕರದು ಕೇಳಿದೆ, "ನಿಮ್ಮವ್ವ ಏನ್ ಕೆಲಸ ಮಾಡ್ತಾರವ್ವ?" ಆಕಿ ಸಣ್ಣ ದನಿಯಾಗ "ಅಕ್ಕಿ ಗಿರಣಿಯೊಳಗ ಕಸ ಹೊಡೀತಾಳ್ರಿ" ಅಂದ್ಲು. "ನೆಲದ ಮ್ಯಾಲೆ ಬಿದ್ದ ಅಕ್ಕಿ?" "ಸಂಜಿಮುಂದ ಒಂದು ಸೆರಗಿನಷ್ಟು ಮನಿಗೆ ಒಯ್ಯಾಕ ಬಿಡ್ತಾರ್ರಿ." "ನಿಮ್ಮವ್ವ ಅದನ್ನ ಮನಿಗೆ ತಂದು ಏನ್ ಮಾಡ್ತಾರ?" ಆಗ ಆ ಹುಡುಗಿ ಹತ್ತು ನಿಮಿಷ ಮಾತಾಡಿದ್ಲು. ಕೇರೂದು, ಕಲ್ಲು ಆರಸೂದು, ನುಚ್ಚು ಬ್ಯಾರೆ ಮಾಡೂದು, ಎಷ್ಟು ಅಕ್ಕಿಗೆ ಎಷ್ಟು ಹೊಟ್ಟಿ ತುಂಬತದ ಅನ್ನೂದು. "ಇದನ್ನ ಬರದು ತಾ" ಅಂದೆ. ಮರುದಿನ ತಂದದ್ದರೊಳಗ ಈ ಸಾಲು ಇದ್ವು. ನನ್ನ ನೋಟ್‌ಬುಕ್ಕಿನಾಗ ಬರಕೊಂಡೀನಿ, ಆಕಿನ್ನ ಕೇಳೇ ಬರಕೊಂಡದ್ದು:

"ನೆಲದ ಅಕ್ಕಿ ಆಯುವವರ ಕೈಗೆ ಅಳತೆ ಗೊತ್ತಿರುತ್ತದೆ. ಮಾರಯ್ಯ ತಂದದ್ದು ಹೆಚ್ಚಾಯಿತು ಎಂದು ಲಕ್ಕಮ್ಮನಿಗೆ ಯಾರೂ ಹೇಳಿಕೊಡಲಿಲ್ಲ, ಸೆರಗಿನ ಭಾರದಲ್ಲೇ ತಿಳಿಯಿತು. ತಿರುಗಿ ಸುರಿದು ಬಾ ಎಂದವಳಿಗೆ ನಾಳೆಯ ಹಸಿವು ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಹೇಳಿದಳು. ಅದಕ್ಕೇ ಈ ಮಾತಿಗೆ ಇಷ್ಟು ತೂಕ."

ಪೂರ್ತಿ ಅಂಕ ಕೊಟ್ಟೆ. ಅವತ್ತ ಸ್ಟಾಫ್ ರೂಮಿನಾಗ ಎಲ್ಲರಿಗೂ ಓದಿ ತೋರ್ಸಿದೆ. ಆಕಿ ಬ್ಯಾರೆ ಪುಸ್ತಕ ಯಾವುದೂ ಓದಿರಲಿಲ್ಲ. ತನಗ ಗೊತ್ತಿದ್ದದ್ದು ಸಾಹಿತ್ಯಕ್ಕ ಸಂಬಂಧ ಅದ ಅನ್ನೂದು ಆಕಿಗೆ ಅಲ್ಲಿತನಕ ಯಾರೂ ಹೇಳಿರಲಿಲ್ಲ, ಅಷ್ಟೇ.

ಸಂದರ್ಭ ಸಹಿತ ವಿವರಿಸಿ ಅಂತ ಬಂದಾಗ ಆಯ್ಕೆ ಮತ್ತು ಸಂದರ್ಭ ಎರಡೂ ಗೈಡಿನಾಗ ಇದ್ದಂಗ ಬರದ್ರೂ ನಡೀತದ, ಅವು ಎಲ್ಲರಿಗೂ ಒಂದೇ. ಸ್ವಾರಸ್ಯಕ್ಕ ಬಂದಾಗ ಗೈಡ್ ಮುಚ್ಚು. ಆ ಸಾಲಿನಾಗ ನಿನ್ನ ಕಣ್ಣು ನಿಂತ ಒಂದು ಶಬ್ದ ಹಿಡಿ. ಕವಿ ಆ ಶಬ್ದ ಬಿಟ್ಟು ಇನ್ನೊಂದು ಹಾಕಿದ್ರ ಏನು ಹೋಗ್ತಿತ್ತು ಅಂತ ಕೇಳಿಕೋ. ಅದರ ಉತ್ತರನ ಸ್ವಾರಸ್ಯ. "ಮನೋಜ್ಞವಾಗಿ", "ಹೃದಯಂಗಮವಾಗಿ", "ಮಾರ್ಮಿಕವಾಗಿ" ಅನ್ನೂ ಮೂರು ಶಬ್ದ ಈ ವರ್ಷ ಬರೀಬ್ಯಾಡ. ನನ್ನ ಮಕ್ಕಳಿಗೆ ಇದನ್ನ ಮೊದಲ ದಿನನ ಹೇಳ್ತೀನಿ. ಆ ಶಬ್ದ ಸಿಗಲಿಲ್ಲ ಅಂದ್ರ ನಿಜವಾದ ಕಾರಣ ಹುಡುಕಬೇಕಾಗ್ತದ.

ಈಗ ಹಳಗನ್ನಡದ ಅಂಜಿಕಿ. ನೀ ಕೊಪ್ಪಳ ಜಿಲ್ಲೆಯಾಕಿ ಅಂತ ಓದಿ ನನಗ ಭಾಳ ಖುಷಿ ಆತು, ಯಾಕ ಅಂತ ಹೇಳ್ತೀನಿ. 9ನೇ ಶತಮಾನದ ಕವಿರಾಜಮಾರ್ಗದಾಗ ಕನ್ನಡದ ತಿರುಳು ಎಲ್ಲದ ಅಂತ ಹೇಳುವಾಗ ನಾಕು ಊರಿನ ಹೆಸರು ಬರ್ತಾವ. ಕಿಸುವೊಳಲು ಅಂದ್ರ ಪಟ್ಟದಕಲ್ಲು, ಪುಲಿಗೆರೆ ಅಂದ್ರ ಲಕ್ಷ್ಮೇಶ್ವರ, ಒಂಕುಂದ ಅಂದ್ರ ಈಗಿನ ಒಕ್ಕುಂದ, ಇನ್ನ ಕೊಪಣ ಅಂದ್ರ ನಿಮ್ಮ ಕೊಪ್ಪಳ. ಈ ನಾಕರ ನಡುವಿನ ನಾಡಿನಾಗ ಆಡೂ ಮಾತು ಕನ್ನಡದ ತಿರುಳು ಅಂತ ಆವಾಗ ಬರದಿಟ್ರು. ನಿಮ್ಮೂರಿನ ನಕಾಶಿ ತಗದು ನೋಡು. ಹಳಗನ್ನಡ ನಿನಗ ಪರದೇಶದ ಭಾಷಾ ಅಲ್ಲ.

ಪುಲಿಗೆರೆ ಅನ್ನೂದರೊಳಗ ಮೊದಲನೇ ಕೀಲಿಕೈ ಅದ. ಹಳಗನ್ನಡದ ಶಬ್ದದ ಮೊದಲಿನ "ಪ"ದ ಜಾಗದಾಗ "ಹ" ಇಟ್ಟು ನೋಡು. ಪುಲಿ ಹುಲಿ, ಪಾಲ್ ಹಾಲು, ಪೊಲ ಹೊಲ, ಪೋಗು ಹೋಗು, ಪಂದಿ ಹಂದಿ, ಪೂ ಹೂ. ಎಲ್ಲಾ ಕಡೆ ನಡಿಯೂದಿಲ್ಲ, ಸಂಸ್ಕೃತದಿಂದ ಬಂದ ಶಬ್ದಕ್ಕ ಇದು ಬ್ಯಾಡ. ಎರಡನೇದು, ವ್ಯಂಜನಕ್ಕ ಮುಗಿಯೂ ಶಬ್ದಕ್ಕ ಒಂದು "ಉ" ಸೇರ್ಸು. ಕಾಲ್ ಕಾಲು, ಕಣ್ ಕಣ್ಣು, ನೇಗಿಲ್ ನೇಗಿಲು. ಇವೆರಡು ಮಾಡಿದ್ರ ಒಂದು ಪದ್ಯದಾಗ ಎಷ್ಟೋ ಶಬ್ದ ನಿಮ್ಮನಿ ಶಬ್ದ ಆಗ್ತಾವ.

ಮೂರನೇದು ನನಗ ಭಾಳ ಪ್ರೀತಿಯ ವಿಷಯ. ಹಳಗನ್ನಡದಾಗ ಎರಡು ಅಕ್ಷರ ಇದ್ವು, ಈಗ ಬಳಕಿಯಾಗ ಇಲ್ಲ: ಱ ಮತ್ತು ೞ. ಪುಸ್ತಕದಾಗ ಇವನ್ನ ನೋಡಿದ ಕೂಡಲೆ ಮಕ್ಕಳು ಪುಟ ತಿರುವಿ ಬಿಡ್ತಾರ. ತಿರುವಬ್ಯಾಡ. ಈಗ ನಾವು "ಅಜ್ಜಿ ಆಕಳಾ ಕರದ್ಲು" ಅಂತೀವಿ. ಕೂಗಿ ಕರದ್ಲೋ, ಹಾಲು ಕರದ್ಲೋ? ಮುಂದಿನ ಮಾತು ಕೇಳೂತನಕ ತಿಳಿಯೂದಿಲ್ಲ. ಹಳಗನ್ನಡದವರಿಗೆ ಈ ತೊಂದರಿ ಇರಲಿಲ್ಲ. ಕೂಗೂದು ಕರೆ, ಹಾಲು ಹಿಂಡೂದು ಕಱೆ. ಎರಡು ಉಚ್ಚಾರ ಬ್ಯಾರೆ ಇತ್ತು, ಎರಡು ಅಕ್ಷರ ಬ್ಯಾರೆ ಇತ್ತು. ಏಳು ಅನ್ನೂ ಸಂಖ್ಯೆ ಏೞ್ ಇತ್ತು. ಇಂಥಾದ್ದು ಒಂದೊಂದು ಸಿಕ್ಕಾಗ ಒಂದು ಬ್ಯಾರೆ ನೋಟ್‌ಬುಕ್ಕಿನಾಗ ಬರದಿಡು. ಮುಂದಿನ ಜೂನ್ ಹೊತ್ತಿಗೆ ನಿನ್ನದೇ ಒಂದು ನಿಘಂಟು ಆಗಿರ್ತದ.

ಛಂದಸ್ಸು ಅಂದ್ರೂ ಅಂಜಿಕಿ ಇರ್ತದ, ನೀ ಕೇಳಿಲ್ಲ, ಆದ್ರ ಮುಂದ ಬರ್ತದ. ಜಗನ್ನಾಥದಾಸರು ನಮ್ಮ ಮಾನ್ವಿಯವರು. ಅವರ ಹರಿಕಥಾಮೃತಸಾರ ಪೂರಾ ಭಾಮಿನಿ ಷಟ್ಪದಿ ಅನ್ನೂ ಆರು ಸಾಲಿನ ಪದ್ಯದೊಳಗ ಅದ. ನಮ್ಮ ಪಕ್ಕದ ಮನಿ ಅಜ್ಜಿ ದಿನಾ ಮುಂಜಾನೆ ಅದನ್ನ ಅನ್ನೂದು ಕೇಳೇ ನಾ ಬೆಳದೆ. ಕಾಲೇಜಿನಾಗ ಮೇಷ್ಟ್ರು ಬೋರ್ಡಿನ ಮ್ಯಾಲೆ ಮೂರು ನಾಕು ಮೂರು ನಾಕು ಅಂತ ಬರದಾಗ, ಅದು ಆ ಅಜ್ಜಿ ತೊಡಿ ಮ್ಯಾಲೆ ಕೈ ತಟ್ಟಿದ ತಾಳ ಅಂತ ಒಮ್ಮೆಲೆ ಹೊಳೀತು. ಮೈ ಜುಮ್ಮಂತು. ಅದಕ್ಕ ನಾ ಮಕ್ಕಳಿಗೆ ಮೊದಲು ಗೆರಿ ಎಳೀರಿ ಅನ್ನೂದಿಲ್ಲ, ಚಪ್ಪಾಳಿ ಹೊಡೀರಿ ಅಂತೀನಿ. ಲಘು ಅಂದ್ರ ಗಿಡ್ಡ ಅಕ್ಷರಕ್ಕ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ ಅಕ್ಷರ, ಸೊನ್ನಿ ಇದ್ದ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು. ಕ್ಲಾಸಿನಾಗ ನಾವೇ ಕೂಡಿ ಕಟ್ಟಿದ ಮೂರು ಸಾಲು ಇಲ್ಲಿ ಹಾಕ್ತೀನಿ, ಕಾವ್ಯ ಅಂತಲ್ಲ, ಎಣಸಲಿಕ್ಕೆ:

ಎರೆಯ ಹೊಲದಲಿ ಜೋಳ ತೆನೆಗಳು
ತಿರುಗಿ ನೋಡಿವೆ ಗಾಳಿ ಬಂದೆಡೆ
ಕರೆದು ಹೇಳಿದ ಹಾಗೆ ಸುಗ್ಗಿಯ ಕಾಲ ಬಂದಿಹುದೈ

ಎರೆಯ, ಮೂರು. ಹೊಲದಲಿ, ನಾಕು. ಜೋಳ, ಮೂರು. ತೆನೆಗಳು, ನಾಕು. ಹದಿನಾಲ್ಕಾತು. ಎರಡನೇ ಸಾಲೂ ಹಂಗೇ. ಮೂರನೇ ಸಾಲಿನಾಗ ಮೂರು ನಾಕು ಮೂರು ಸಲ ಬಂದು ಕಡೀಕ "ದೈ" ಅನ್ನೂ ಒಂದು ಗುರು, ಒಟ್ಟು 23. ಇನ್ನ ಮೂರು ಸಾಲು ಇದೇ ಲೆಕ್ಕಕ್ಕ ಕಟ್ಟಿದ್ರ 102 ಮಾತ್ರೆಯ ಒಂದು ಪದ್ಯ ಆಗ್ತದ. ಪ್ರತಿ ಸಾಲಿನ ಎರಡನೇ ಅಕ್ಷರ ನೋಡು, ರೆ, ರು, ರೆ. ಅದು ಪ್ರಾಸ. ಉಳದ ಮೂರು ಸಾಲು ನೀ ಕಟ್ಟು. ಒಂದು ಸಲ ಕೈಯಾರೆ ಕಟ್ಟಿದ ಮ್ಯಾಲೆ ಪರೀಕ್ಷೆಯಾಗ ಪ್ರಸ್ತಾರ ಹಾಕಲಿಕ್ಕೆ, ಅಂದ್ರ ಲಘು ಗುರು ಗುರ್ತು ಹಾಕಲಿಕ್ಕೆ, ಯಾವ ಗೈಡೂ ಬೇಕಾಗೂದಿಲ್ಲ.

ಇನ್ನ ಪ್ರಬಂಧ. ನಾಕು ಸಾಲಿಗೆ ಪೆನ್ನು ನಿಂತದ್ದು ಯಾಕ ಅಂತ ನಾ ಇಲ್ಲೇ ಕುಂತು ಹೇಳಬಲ್ಲೆ. ಮೊದಲ ಸಾಲು ಮಳಿ ಎಲ್ಲಾ ಜೀವಿಗಳಿಗೂ ಬೇಕು ಅಂತ ಇರ್ತದ, ಎರಡನೇದು ರೈತ ದೇಶದ ಬೆನ್ನೆಲುಬು ಅಂತ. ಅಲ್ಲಿಂದ ಮುಂದ ಹೋಗಲಿಕ್ಕೆ ದಾರಿನ ಇಲ್ಲ, ಯಾಕಂದ್ರ ಆ ಮಳಿ ಯಾವ ಊರಿನಾಗೂ ಬಿದ್ದಿಲ್ಲ. ಗವಿಮಠದ ಜಾತ್ರಿ ಬಗ್ಗೆ ಬರೀರಿ ಅಂದಾಗೂ ಹಿಂಗ ಆಗ್ತದ. ಮೂವತ್ತು ಮಕ್ಕಳು ಲಕ್ಷಾಂತರ ಭಕ್ತರು, ತೇರು, ದಾಸೋಹ ಅಂತ ಬರೀತಾರ. ಒಬ್ಬಾಕಿ ಬರದ್ಲು, ಜಾತ್ರಿಗೆ ಕಳಿಸೂ ರೊಟ್ಟಿ ಬಡಿಯೂ ದಿನ ಓಣಿಯಾಗ ಮುಂಜಾನೆ ನಾಕಕ್ಕ ಎಲ್ಲಾ ಮನ್ಯಾಗೂ ಒಂದೇ ಸಪ್ಪಳ ಕೇಳ್ತದ ಅಂತ. ಆ ಒಂದು ಸಪ್ಪಳದಿಂದ ಆಕಿ ಎರಡು ಪುಟ ನಡದ್ಲು.

ಹಂಗಾಗಿ ದಿನಾ ರಾತ್ರಿ ಹತ್ತು ಸಾಲು ಬರಿ. ಅವತ್ತ ನೀ ಕಂಡ ಒಂದೇ ವಸ್ತು, ಒಂದೇ ಮಾತು. "ಸುಂದರ" ಅನ್ನಬ್ಯಾಡ. ಮನ್ಯಾಗ ಅದಕ್ಕ ಏನಂತಾರೋ ಅದೇ ಶಬ್ದ ಹಾಕು. ಹಗೇವು, ಗುಮ್ಮಿ, ಬಾನ, ಅಂಬಲಿ, ಮಸಾರಿ ಹೊಲ, ಇವು ಯಾವುವೂ ತಪ್ಪು ಕನ್ನಡ ಅಲ್ಲ. ಇದನ್ನ ನಾ ಯಾಕ ಇಷ್ಟು ಒತ್ತಿ ಹೇಳ್ತೀನಂದ್ರ, ನಾ ಪಿಯು ಇದ್ದಾಗ ಒಂದು ಪ್ರಬಂಧ ಸ್ಪರ್ಧೆಯೊಳಗ ನಮ್ಮಜ್ಜಿ ಆಡಿದ ಮಾತು ಆಡಿದಂಗ ಬರದಿದ್ದೆ. ತೀರ್ಪುಗಾರರು ಆ ಸಾಲು ಅಷ್ಟೂ ಅಡ್ಡ ಗೆರಿ ಹೊಡದು "ಗ್ರಾಮ್ಯ" ಅಂತ ಬರದು ವಾಪಸ್ ಕೊಟ್ರು. ಅದಾದ ಮ್ಯಾಲೆ ಆರೇಳು ವರ್ಷ ನಾ ನನ್ನ ಮಾತಿನಾಗ ಒಂದು ಸಾಲೂ ಬರೀಲಿಲ್ಲ. ಆ ವರ್ಷಗಳು ಹೋದ್ವು ಅಂತ ಈಗೂ ಹಳಹಳಿ ಅದ. ನಿನಗ ಹಂಗ ಆಗಬಾರದು. ಪರೀಕ್ಷೆಯ ಉತ್ತರದ ಭಾಷಾ ಗ್ರಾಂಥಿಕ ಇರಲಿ, ಅದು ಕಲೀಲೇಬೇಕು. ಆದ್ರ ಪ್ರಬಂಧದಾಗ ಅಜ್ಜಿ ಮಾತಾಡಿದ್ರ ಅಜ್ಜಿ ಮಾತಾಡಿದಂಗ ಬರಿ, ಉದ್ಧರಣ ಚಿಹ್ನೆ ಹಾಕು.

ರಜಾ ಸಿಕ್ಕಾಗ ಕೊಪ್ಪಳಕ್ಕ ಹೋಗಿ ಗವಿಮಠದ ಗುಡ್ಡ, ಪಾಲ್ಕಿಗುಂಡು ಎರಡೂ ಕಡೆ ಇರೂ ಅಶೋಕನ ಶಾಸನ ನೋಡಿ ಬಾ. ನಮ್ಮ ಕಡೆ ಬಂದ್ರ ಮಸ್ಕಿ ಅದ, 1915ರಾಗ ಸಿಕ್ಕದ್ದು, ಅದರೊಳಗ ಅಶೋಕ ಅನ್ನೂ ಹೆಸರೇ ಅದ. ನಾ ಮಕ್ಕಳನ್ನ ಕರಕೊಂಡು ಹೋಗಿ, ಫೋನ್ ಒಳಗಿಡಿಸಿ, ಬಂಡೆ ಮುಂದ ಅರ್ಧ ತಾಸು ಕೂಡಿಸ್ತೀನಿ. ಮನಿಗೆ ಬಂದ ಮ್ಯಾಲೆ ಒಂದು ಪುಟ.

ನಿನ್ನ ಮಳಿ ಪ್ರಬಂಧದ್ದು ಇಲ್ಲೇ ಹಾಕು, ನೋಡ್ತೀನಿ.


ಉತ್ತರ 3: ಬಳ್ಳಾರಿ ಡೆಸ್ಕ್

ಮೇಡಂ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ, ಗೈಡ್ ವಿಷಯ ಒಂದನ್ನು ಬಿಟ್ಟು. ಶಬ್ದಾರ್ಥ, ಕವಿ ಪರಿಚಯ, ಹಳೆ ಪ್ರಶ್ನೆಗಳಿಗೆ ಗೈಡ್ ಇರಲಿ. ಹಳ್ಳಿಯಲ್ಲಿ ಕೇಳೋಕೆ ಯಾರೂ ಇಲ್ಲದಾಗ ನನಗೆ ಅದೇ ಆಸರೆ ಆಗಿತ್ತು. ಮೊದಲು ನೀನೇ ಬರೆದು, ಆಮೇಲೆ ಗೈಡ್ ತೆಗೆದು ಏನು ಬಿಟ್ಟೆ ಅಂತ ನೋಡು. ಆ ಕ್ರಮ ತಿರುಗಾಮುರುಗಾ ಆದರೆ ಮಾತ್ರ ಹಾಳು.

ನಿನ್ನ ಮಾವನವರಿಗೆ ಹೇಳೋಕೆ ಎರಡು ಮಾತು. ನಾನು ಐಚ್ಛಿಕ ಕನ್ನಡ ಓದಿ, ಬಿಎ ಮುಗಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಹೋದವನು. 1991ರಲ್ಲಿ ಕನ್ನಡಕ್ಕಂತಲೇ ಶುರುವಾದದ್ದು ಅದು, ನಿಮ್ಮೂರಿಂದ ದೂರವೇನಲ್ಲ. ಈಗ ಬಳ್ಳಾರಿಯಲ್ಲಿ ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕೆಲಸ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೂ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತಗೋಬಹುದು, ಎರಡು ಪತ್ರಿಕೆ, ತಲಾ 250 ಅಂಕ. ಮೇಷ್ಟ್ರು ಆಗೋದೊಂದೇ ದಾರಿ ಅಂತ ಯಾರಾದರೂ ಹೇಳಿದರೆ ನಂಬಬೇಡ.

ನನ್ನ ಕೆಲಸದಿಂದ ಒಂದು ಅಭ್ಯಾಸ ಹೇಳ್ತೀನಿ. ರಾತ್ರಿ ಒಂಬತ್ತಕ್ಕೆ ತಾಲೂಕಿನಿಂದ ವರದಿ ಬರುತ್ತೆ, ಮುನ್ನೂರು ಪದ. ಜಾಗ ಇರೋದು ನೂರೈವತ್ತಕ್ಕೆ. ಮೊದಲು ಹೋಗೋದು ಮೊದಲನೇ ಪ್ಯಾರಾ, ಯಾಕಂದ್ರೆ ಬರೆಯೋರು ಬಿಸಿ ಏರೋ ತನಕ ಸುಮ್ಮನೆ ಪೀಠಿಕೆ ಹಾಕಿರ್ತಾರೆ. ನಿನ್ನ ಪ್ರಬಂಧ ಮುಗಿದ ಮೇಲೆ ಮೊದಲ ಎರಡು ವಾಕ್ಯ ಕೈಯಿಂದ ಮುಚ್ಚಿ ಮೂರನೇದರಿಂದ ಓದಿ ನೋಡು. ಚೆನ್ನಾಗಿ ಓದಿಸಿಕೊಂಡರೆ ಆ ಎರಡು ಹೊಡೆದು ಹಾಕು. ಕೈಬರಹದ ವೇಗವನ್ನೂ ಈಗಿಂದಲೇ ನೋಡಿಕೋ. ಗಡಿಯಾರ ಇಟ್ಟುಕೊಂಡು ಬರೆ. ಎಷ್ಟೋ ಒಳ್ಳೆ ಹುಡುಗರು ಕೊನೆಯ ದೊಡ್ಡ ಪ್ರಶ್ನೆ ಮುಟ್ಟದೇ ಎದ್ದು ಬರ್ತಾರೆ.


ಯಲಬುರ್ಗಾ ಹುಡುಗಿ

ಮೇಡಂ, ಸರ್, ಸಿರುಗುಪ್ಪದ ಅಣ್ಣಾರ, ಎಲ್ಲಾರಿಗೂ ಭಾಳ ಭಾಳ ಧನ್ಯವಾದ ರೀ. ಕೊಪಣದ ಮಾತು ಅಪ್ಪಗ ಓದಿ ಹೇಳಿದೆ. ಅವರು ಇನ್ನೊಮ್ಮೆ ಓದು ಅಂದ್ರು. ಪ್ರಬಂಧ ಬರದೀನಿ, ಇನ್ನೂ ಅರ್ಧ ಐತಿ. ತಪ್ಪಿದ್ರ ಹೇಳ್ರಿ.

"ಮಳೆ ಪ್ರಕೃತಿ ನಮಗೆ ಕೊಟ್ಟ ವರದಾನ. ಈ ವರ್ಷ ಮಿರಗದ ಮಳೆ ಎಂಟು ದಿನ ತಡವಾಗಿ ಬಂತು. ಅಪ್ಪ ಬಿತ್ತಲಿಕ್ಕೆ ತಂದ ಹೆಸರಿನ ಬೀಜದ ಚೀಲ ಪಡಸಾಲೆಯಲ್ಲೇ ಇತ್ತು. ಅಜ್ಜಿ ದಿನಾ ಸಂಜೆ ಅದರೊಳಗೆ ಕೈ ಹಾಕಿ ಸುಮ್ಮನೆ ಕೂಡುತ್ತಿದ್ದಳು. ಏನು ನೋಡುತ್ತೀ ಎಂದರೆ 'ಬೀಜಕ್ಕ ಬಿಸಿ ಹತ್ತೈತೇನ ನೋಡ್ತೀನಿ' ಅಂದಳು. ಮಳೆ ಬಂದ ರಾತ್ರಿ ಕರೆಂಟ್ ಹೋಯಿತು. ತಗಡಿನ ಮೇಲೆ ಸಪ್ಪಳ ಜೋರಾಗಿ ಆಗಿ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಅಪ್ಪ ಎದ್ದು ಕತ್ತಲಲ್ಲಿ ಚೀಲವನ್ನು ಸೋರದ ಕಡೆ ಎಳೆದಿಟ್ಟ. ಎಲ್ಲರಿಗೂ ಬಹಳ ಸಂತೋಷವಾಯಿತು."


ಎಡೆದೊರೆ ಮೇಡಂ

ಅವ್ವಿ, ಇದನ್ನ ಎರಡು ಸಲ ಓದಿದೆ. ಅಜ್ಜಿ ಬೀಜದಾಗ ಕೈ ಹಾಕಿ ಕೂಡೂದು ನನ್ನ ಕಣ್ಣ ಮುಂದಿಂದ ಹೋಗವಲ್ದು.

ಮೊದಲ ವಾಕ್ಯ ತಗಿ. ಬಳ್ಳಾರಿ ಸರ್ ಹೇಳಿದ್ದು ಅದೇ. ಕಡೀ ವಾಕ್ಯಾನೂ ತಗಿ, ಕತ್ತಲದಾಗ ಚೀಲ ಎಳದಿಟ್ಟದ್ದರೊಳಗ ಆ ಸಂತೋಷ ಆಗಲೇ ಬಂದದ. "ಜೋರಾಗಿ ಆಗಿ" ಅನ್ನೂ ಕಡೆ ನಾಲಿಗಿ ತೊಡರ್ತದ, "ತಗಡಿನ ಮೇಲಿನ ಸಪ್ಪಳಕ್ಕೆ ಯಾರ ಮಾತೂ ಯಾರಿಗೂ ಕೇಳಲಿಲ್ಲ" ಅಂತ ಮಾಡು. ಅಜ್ಜಿ ಮಾತು ಹಂಗೇ ಇರಲಿ, ಒಂದಕ್ಷರ ತಿದ್ದಬ್ಯಾಡ. ತಲೆಬರಹ ಬೇಕಾದ್ರ "ಬೀಜದ ಚೀಲ" ಅಂತ ಇಡು, ವಿಷಯ ಕೆಳಗ ಬರಿ.

ಒಂದು ಕೊರತಿ ಅದ. ಎಂಟು ದಿನ ಚೀಲ ಕಾದಾಕಿ ಅಜ್ಜಿ. ಮಳಿ ಬಂದ ರಾತ್ರಿ ಆಕಿನ ಇಲ್ಲ ಇದರೊಳಗ, ಬರೀ ಅಪ್ಪ ಇದ್ದಾರ. ಅಜ್ಜಿ ಎಲ್ಲಿದ್ರು? ಏನ್ ಮಾಡಿದ್ರು?


ಯಲಬುರ್ಗಾ ಹುಡುಗಿ

ಅಜ್ಜಿ ಆ ರಾತ್ರಿ ಮಲಗಲೇ ಇಲ್ರಿ ಮೇಡಂ. ಚಿಮಣಿ ಹಚ್ಕೊಂಡು ಕೂರಗಿ ಹಗ್ಗ ಹುಡುಕಾಕ ಹತ್ತಿದ್ಲು. ನಾನ ಚಿಮಣಿ ಹಿಡದು ನಿಂತಿದ್ದೆ. ಅದನ್ನ ಬರೀಬೇಕು ಅಂತ ಹೊಳೀಲೇ ಇಲ್ಲ ನೋಡ್ರಿ. ಈಗ ಕುಂತು ಬರೀತೀನಿ.